ಅತ್ತಿಗೆಗೆಂದು ಆರಿಸಿದ ಪುಸ್ತಕಗಳು

ಪುಸ್ತಕ ಹೆಂಗೆ ಆರಿಸ್ತೀರಿ ಅಂತ ನನ್ನನ್ನು ಕೇಳುವವರಿದ್ದಾರೆ. ಹೊನ್ನಾಳಿಯ ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕೂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದುವ ಹೆಂಗಸನ್ನು ಕಂಡರೆ ಜನಕ್ಕೆ ಅದೇನೋ ಕುತೂಹಲ. ಈ ವಾರ ಕಾದಂಬರಿ, ಮುಂದಿನ ವಾರ ಹಾವುಗಳ ಬಗ್ಗೆ, ಅದರ ಮುಂದಿನ ವಾರ ಯಾವುದೋ ಅರಮನೆಯ ಇತಿಹಾಸ. "ಏನ್ರಿ ಮೇಡಂ, ಯಾವ ಪರೀಕ್ಷೆ ಕಟ್ಟೀರಿ?" ಅಂತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ನಿಜ ಹೇಳಿದರೆ ನನ್ನ ಕೈಯಿಂದ ಮಾತ್ರೆ ತಗೊಳ್ಳಾಕೂ ಹೆದರಿಯಾರು. ನಾನು ಪುಸ್ತಕ ಆರಿಸುವುದು ಒಬ್ಬಳ ಹೊಟ್ಟೆ ಉರಿಸುವುದಕ್ಕೆ. ಮೂವತ್ತು ವರ್ಷದಿಂದ ಅದೊಂದೇ ಕಾರಣ.

ಅವಳು ನಮ್ಮ ಅತ್ತಿಗೆ, ಅಣ್ಣನ ಹೆಂಡತಿ. ಎದುರಿಗೆ ಸಿಕ್ಕಾಗ "ಬರ್ರಿ ಅತ್ತಿಗೆ, ಕೂತ್ಕೊಳ್ರಿ ಅತ್ತಿಗೆ" ಎಲ್ಲಾ ಇದೆ. ಇಲ್ಲಿ ಮಾತ್ರ ಅವಳು ಅಂತಲೇ ಬರೆಯುತ್ತೇನೆ. ಬರೆಯುವವಳು ನಾನು, ಮರ್ಯಾದೆ ಎಷ್ಟು ಕೊಡಬೇಕು ಅನ್ನುವುದೂ ನನಗೇ ಬಿಟ್ಟಿದ್ದು.

ನಮ್ಮದು ಚನ್ನಗಿರಿ. ಮನೆಯಲ್ಲಿ ನಾವಿಬ್ಬರೇ ಮಕ್ಕಳು, ಅಣ್ಣ ನನಗಿಂತ ಐದು ವರ್ಷಕ್ಕೆ ದೊಡ್ಡವನು. ಲೈಬ್ರರಿಯಿಂದ ಒಂದು ಪುಸ್ತಕ ತಂದರೆ ಇಬ್ಬರೂ ಅದಕ್ಕೇ ಬೀಳುತ್ತಿದ್ದೆವು. ನಾನು ಕಿತ್ತುಕೊಂಡು ಓದಾಕೆ ಕೂತರೆ ಅವನು ಹಿಂದಿನಿಂದ ಬಂದು ಹೆಗಲ ಮೇಲಿಂದ ಇಣುಕಿ, ನನಗಿಂತ ಮೊದಲೇ ಪುಟ ಮುಗಿಸಿ "ಹ್ಞೂಂ, ತಿರುವು" ಅನ್ನೋನು. ನಾನು ಬೇಕಂತಲೇ ನಿಧಾನ ಓದುತ್ತಿದ್ದೆ. ಅವನು ತಲೆಗೆ ಮೊಟಕುತ್ತಿದ್ದ. ನನಗೆ ಬೇರೆ ಗೆಳತಿಯರು ಯಾರೂ ಬೇಕಾಗಿರಲಿಲ್ಲ.

ಅಂಥವನಿಗೆ ಜಗಳೂರಿನ ಹೆಣ್ಣು ಗೊತ್ತಾಯಿತು. ಅವಳಪ್ಪನದು ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ, ಇವಳೊಬ್ಬಳೇ ಮಗಳು. ಆ ಕಡೆ ನೆಲದಡಿಯ ನೀರು ಹೋದಹಾಗೆಲ್ಲ ಮೋಟರ್ ಸುಡುತ್ತಲೇ ಇರುತ್ತದೆ, ಅಂಗಡಿಗೆ ಕೆಲಸಕ್ಕೇನು ಬರ ಇಲ್ಲ. ಅಳಿಯ ಬಂದು ಅಂಗಡಿ ನೋಡಿಕೊಳ್ಳಬೇಕು ಅಂದರು. ಅಣ್ಣ ಹ್ಞೂಂ ಅಂದುಬಿಟ್ಟ. ಜನ ಮಗಳನ್ನು ಕಳಿಸಿಕೊಟ್ಟು ಅಳುತ್ತಾರೆ. ನಮ್ಮ ಮನೆಯಲ್ಲಿ ಮಗನನ್ನು ಕಳಿಸಿಕೊಟ್ಟು ಅತ್ತೆವು. ನನ್ನ ಅಣ್ಣನನ್ನು ಅವಳು ಕಿತ್ತುಕೊಂಡು ಹೋದಳು ಅನ್ನುವ ಸಿಟ್ಟು ಮದುವೆಗೆ ಮೊದಲೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆದರೂ ಮದುವೆಗೆ ನಾನು ಪ್ರೀತಿಯಿಂದಲೇ ಹೋಗಿದ್ದೆ. ನಮ್ಮ ಕಡೆ ಮದುವೆಯಲ್ಲಿ ಕೊಡುವ ಉಡುಗೊರೆಗೆ ಮುಯ್ಯಿ ಅಂತಾರೆ. ಇವತ್ತು ನೀವು ನಮಗೆ ಕೊಟ್ಟಿರೋ, ನಾಳೆ ನಿಮ್ಮ ಮನೆಯ ಕಾರ್ಯಕ್ಕೆ ನಾವು ತಿರುಗಿ ಕೊಡಲೇಬೇಕು. ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ತೀರಿಸೋದು ಅಂತಲೇ ಅನ್ನುತ್ತೇವೆ. ಎರಡಕ್ಕೂ ಒಂದೇ ಮಾತು ಯಾಕಿಟ್ಟರೋ, ಇಟ್ಟವರು ನನ್ನಂಥವರೇ ಇರಬೇಕು. ನಾನು ದಾವಣಗೆರೆಗೆ ಹೋಗಿ, ಅಂಗಡಿಯವನ ತಲೆ ತಿಂದು ಎರಡು ಪುಸ್ತಕ ಆರಿಸಿದೆ. ಒಂದು ಕಾದಂಬರಿ, ಒಂದು ಮನೆಮದ್ದಿನದು. ಹೊಸ ಅತ್ತಿಗೆಗೆ ಕತೆ ಹಿಡಿಸದಿದ್ದರೆ ಮದ್ದಾದರೂ ಉಪಯೋಗಕ್ಕೆ ಬರಲಿ ಅಂತ. ಹೂವಿನ ಚಿತ್ರದ ಕಾಗದ ಸುತ್ತಿ, ಒಳಗೇನಿದೆ, ಯಾರಿಂದ ಯಾರಿಗೆ ಅಂತ ಮೇಲೆ ಬರೆದು ಕೊಟ್ಟೆ.

ಮುಯ್ಯಿ ಬಂದದ್ದನ್ನು ಮೈಕಿನಲ್ಲಿ ಕೂಗುವ ಪದ್ಧತಿ ಇತ್ತು. ಸೋದರಮಾವ ಒಂದೊಂದೇ ಎತ್ತಿ ಹಿಡಿದು ಕೂಗುತ್ತಿದ್ದರು. ಹಿತ್ತಾಳೆ ಕೊಡಪಾನ, ಗೋಡೆ ಗಡಿಯಾರ, ಸ್ಟೀಲಿನ ಡಬರಿ. ಆಮೇಲೆ ನನ್ನದು: "ತಂಗಿಯಿಂದ ಅಣ್ಣನಿಗೆ, ಎರಡು ಪುಸ್ತಕ ಮುಯ್ಯಿ!" ಬಾಸಿಂಗ ಕಟ್ಟಿಕೊಂಡು ಕೂತಿದ್ದ ಅವಳು ಪಕ್ಕಕ್ಕೆ ಬಾಗಿ "ರದ್ದಿ ಪೇಪರ್ರಾ?" ಅಂದಳು. ಮೈಕು ಅವಳ ಬಾಯಿಯ ಹತ್ತಿರವೇ ಇತ್ತು. ಇಡೀ ಮಂಟಪ ಗೊಳ್ಳೆಂದು ನಕ್ಕಿತು. ಊಟದ ಪಂಕ್ತಿಯಲ್ಲಿ ಕೂತವರೂ ನಕ್ಕರು. ನಮ್ಮಣ್ಣನೂ ನಕ್ಕ. ನನಗೆ ಆಗ ಇಪ್ಪತ್ತು. ಮುಖಕ್ಕೆ ಹೊಡೆದಂಗಾಯಿತು. ಊಟ ಮಾಡದೆ ಹೋಗಿ ಬಸ್ಸಿನಲ್ಲಿ ಕೂತೆ.

ಇಷ್ಟೇ ಆಗಿದ್ದರೆ ಹೊಸ ಹುಡುಗಿ, ಬಾಯಿ ಜಾರಿತು ಅಂತ ಬಿಡಬಹುದಿತ್ತು. ಎರಡು ವರ್ಷಕ್ಕೆ ನನ್ನ ಮದುವೆ ಆಯಿತು, ನ್ಯಾಮತಿಗೆ ಕೊಟ್ಟರು. ಅಣ್ಣ ಅತ್ತಿಗೆ ಜಗಳೂರಿಂದ ಬಂದರು. ಅವಳು ಮುಯ್ಯಿ ಅಂತ ಒಂದು ಗಂಟು ಕೈಗಿಟ್ಟಳು. ಆಮೇಲೆ ಬಿಚ್ಚಿದರೆ ಅವೇ ಎರಡು ಪುಸ್ತಕ. ಅದೇ ಹೂವಿನ ಕಾಗದ. ಅಂಟು ಸಹ ಬಿಚ್ಚಿರಲಿಲ್ಲ! ಥೂ, ಅವತ್ತು ಹಲ್ಲು ಕಡಿದ ಸದ್ದು ನನ್ನ ಗಂಡನಿಗೂ ಕೇಳಿರಬೇಕು, "ಏನಾಯ್ತೇ?" ಅಂದರು. ಏನಿಲ್ಲ ಅಂದೆ. ಇವಳಿಗೆ ಮುಯ್ಯಿ ತೀರಿಸದೆ ಬಿಟ್ಟರೆ ನಾನು ನಮ್ಮಪ್ಪನ ಮಗಳಲ್ಲ ಅಂತ ಅವತ್ತೇ ನಿಶ್ಚಯ ಮಾಡಿದೆ.

ಹೆಂಗೆ ತೀರಿಸೋದು? ಪುಸ್ತಕದಿಂದಲೇ. ಅವಳ ಮನೆಯಲ್ಲಿ ಏನೇ ಕಾರ್ಯವಾಗಲಿ ನಾನು ಪುಸ್ತಕವನ್ನೇ ಕೊಡೋದು, ಆ ಪುಸ್ತಕದೊಳಗೆ ಅವಳಿಗೆ ನಾಟುವಂಥ ಮುಳ್ಳು ಇರಲೇಬೇಕು. ಬಿಚ್ಚದೆ ಇಡಬಾರದು ಅಂತ ಕಾಗದ ಸುತ್ತುವುದನ್ನೇ ಬಿಟ್ಟೆ. ಆದರೆ ಮುಳ್ಳಿರುವ ಪುಸ್ತಕ ಯಾವುದು ಅಂತ ಗೊತ್ತಾಗಬೇಕಾದರೆ ಮೊದಲು ನಾನು ಓದಬೇಕಲ್ಲ. ನ್ಯಾಮತಿಯಿಂದ ಹೊನ್ನಾಳಿಗೆ ದಿನಾ ಬಸ್ಸು, ಹೋಗುವಾಗ ಬರುವಾಗ ಓದಿದೆ. ಅಂಗಡಿಯಲ್ಲಿ ಓದಿದೆ. ಕುಕ್ಕರ್ ಕೂಗುವುದರೊಳಗೆ ಓದಿದೆ. ಅದುವರೆಗೆ ಕಾದಂಬರಿ ಬಿಟ್ಟರೆ ಬೇರೇನೂ ಮುಟ್ಟದವಳು ನಾನು. ಬರೀ ಕತೆಯಲ್ಲಿ ಹುಡುಕಿದರೆ ಸಾಲದು, ನಿಜದ ಸಂಗತಿ ಇನ್ನೂ ಚೆನ್ನಾಗಿ ಚುಚ್ಚುತ್ತದೆ ಅಂತ ಹೊಳೆದ ಮೇಲೆ ಇತಿಹಾಸ, ಪ್ರವಾಸ, ಪ್ರಾಣಿ ಪಕ್ಷಿ, ವೈದ್ಯ, ಕಾನೂನು ಯಾವುದನ್ನೂ ಬಿಡಲಿಲ್ಲ.

ಆರಿಸಾಕೆ ಒಂದು ಕ್ರಮ ಮಾಡಿಕೊಂಡೆ. ಬೆನ್ನುಡಿ ನಂಬಬಾರದು, ಅಲ್ಲಿ ಬರೀ ಹೊಗಳಿಕೆ. ಮೊದಲ ಪುಟವನ್ನೂ ನಂಬಬಾರದು, ಮೊದಲ ಪುಟಕ್ಕೆ ಎಲ್ಲರೂ ಪೌಡರ್ ಹಚ್ಚಿ ಕೂರಿಸಿರುತ್ತಾರೆ. ನಡುವೆ ಎಲ್ಲಾದರೂ ತೆಗೆದು ನಿಂತಲ್ಲೇ ಎರಡು ಪುಟ ಓದಬೇಕು. ಅಲ್ಲಿ ಅತ್ತಿಗೆಯ ಮುಖ ಕಂಡರೆ ಕೊಳ್ಳಬೇಕು, ಇಲ್ಲದಿದ್ದರೆ ಇಟ್ಟು ಮುಂದಕ್ಕೆ ಹೋಗಬೇಕು. ಈಗ ಫೋನಿನಲ್ಲೇ ತರಿಸುತ್ತಾರೆ. ನಾನೂ ತರಿಸುತ್ತೇನೆ, ಆದರೆ ಅದರಲ್ಲಿ ನಡುವಿನ ಪುಟ ತೆಗೆದು ನೋಡಾಕೆ ಬಿಡೋದಿಲ್ಲ. ಹಂಗಾಗಿ ಕಲ್ಯಾಣ ಮಂಟಪದಲ್ಲಿ ಪುಸ್ತಕ ಮಾರಾಟ ಹಾಕಿದ್ದಾರೆ ಅಂತ ಕಿವಿಗೆ ಬಿದ್ದರೆ ಇವತ್ತಿಗೂ ಬಿಸಿಲು ನೋಡದೆ ಹೋಗುತ್ತೇನೆ.

ಅವಳ ಮಗನ ನಾಮಕರಣಕ್ಕೆ ಒಂದು ಕಾದಂಬರಿ ಕೊಟ್ಟೆ. ಗಂಡನನ್ನು ಅವನ ಮನೆಯವರಿಂದ ದೂರ ಮಾಡಿದ ಸೊಸೆಯೊಬ್ಬಳು ಕೊನೆಗೆ ಮಾತಾಡಿಸುವವರಿಲ್ಲದೆ ಗೋಡೆಯ ಜೊತೆ ಮಾತಾಡುವ ಕತೆ. ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಹಾವುಗಳ ಪುಸ್ತಕ, ಬಣ್ಣದ ಚಿತ್ರ ಸಮೇತ. ಮನೆಯೊಳಗೆ ಸೇರಿಕೊಂಡದ್ದು ಯಾವ ಜಾತಿಯದು ಅಂತ ಅವಳೇ ನೋಡಿಕೊಳ್ಳಲಿ. ಕಾರು ತಗೊಂಡಾಗ ಹಿಮಾಲಯಕ್ಕೆ ಹೋಗಿ ಅರ್ಧ ಜನ ವಾಪಸ್ ಬಾರದ ಪ್ರವಾಸ ಕಥನ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ, ಒಬ್ಬ ರಾಣಿಯ ನಾಲಿಗೆಯಿಂದ ಹಾಳಾದ ಅರಮನೆಯ ಇತಿಹಾಸ. ಅದನ್ನು ಹುಡುಕಾಕೆ ನನಗೆ ಎಂಟು ತಿಂಗಳು ಹಿಡಿದಿತ್ತು. ಒಂದನ್ನು ಮಾತ್ರ ಕೊಡಲಿಲ್ಲ. ಕುಟುಕುವ ಹುಳ ಅಂತ ಜೇನಿನ ಮೇಲಿನ ಪುಸ್ತಕ ತಂದಿದ್ದೆ, ಓದಿ ಮುಗಿಸಿದ ಮೇಲೆ ಅವಳಿಗೆ ಹೋಲಿಸಿದರೆ ಜೇನಿಗೆ ಅವಮಾನ ಅನ್ನಿಸಿ ನಾನೇ ಇಟ್ಟುಕೊಂಡೆ.

ಇಷ್ಟೆಲ್ಲಾ ಮಾಡಿದ್ದಕ್ಕೆ ಫಲ ಏನು? ಏನೂ ಇಲ್ಲ. ಪ್ರತಿ ಸಲವೂ ಅವಳು ಪುಸ್ತಕ ಇಸ್ಕೊಂಡು, ಕುಂಬಳಕಾಯಿ ತೂಕ ನೋಡಿದಂಗೆ ಕೈಯಲ್ಲಿ ಎತ್ತಿ ನೋಡಿ, "ಬಂತಾ?" ಅಂತ ಅಣ್ಣನ ಕೈಗೆ ದಾಟಿಸೋಳು. ಅಷ್ಟೇ. ಸಿಟ್ಟಿಲ್ಲ, ಸಿಡಿಮಿಡಿ ಇಲ್ಲ, ಒಂದು ಫೋನಿಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳ ಮುಖ ನೋಡುತ್ತಿದ್ದೆ. ಎಲ್ಲಾದರೂ ಒಂದು ಗೆರೆ ಕದಲುತ್ತದಾ ಅಂತ. ಓದದೆ ಅಟ್ಟಕ್ಕೆ ಎಸೆಯುತ್ತಿದ್ದಾಳೆ ಅನ್ನುವ ಅನುಮಾನವೇ ನನ್ನನ್ನು ಕೊರೆಯುತ್ತಿತ್ತು. ಬೈದದ್ದು ಬೈಸಿಕೊಂಡವಳಿಗೆ ಮುಟ್ಟದಿದ್ದರೆ ಬೈದವಳ ಗತಿ ಏನಾಗಬೇಕು ಹೇಳಿ!

ಹೋದ ವರ್ಷ ಅವರ ಮಗನ ಮದುವೆ ಬಂತು, ಜಗಳೂರಿನಲ್ಲೇ. ಈ ಸಲ ಹೊಸ ಉಪಾಯ ಹೂಡಿದೆ. ಎರಡು ಭಾಗದ ಒಂದು ದೊಡ್ಡ ಕಾದಂಬರಿ ತಂದೆ. ಮೊದಲ ಭಾಗ ಓದಿದೆ, ಅಬ್ಬಾ, ಹಿಡಿದರೆ ಬಿಡದು. ಅದರ ಕೊನೆಯಲ್ಲಿ ಹೆಂಡತಿ ಗಂಡನನ್ನು ಬಿಟ್ಟು ಹೋಗಾಕೆ ಟ್ರಂಕು ಕಟ್ಟಿಕೊಂಡು ನಿಂತಿರುತ್ತಾಳೆ, ಯಾರೋ ಬಾಗಿಲು ತಟ್ಟುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ತಟ್ಟಿದ್ದು ಯಾರು ಅಂತ ತಿಳಿಯಬೇಕಾದರೆ ಎರಡನೇ ಭಾಗವೇ ಬೇಕು. ನಾನು ಮೊದಲ ಭಾಗ ಮಾತ್ರ ಮುಯ್ಯಿ ಕೊಟ್ಟೆ. ಎರಡನೆಯದನ್ನು ನನ್ನ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟು ಬೀಗ ಹಾಕಿದೆ. ನಾನೂ ಓದಲಿಲ್ಲ. ಅವಳು ಫೋನ್ ಮಾಡಿ "ಏ ತಂಗಿ, ಮುಂದೇನಾಯ್ತೇ?" ಅಂತ ಗೋಗರೆಯಬೇಕು, ನಾನು "ಅಯ್ಯೋ ಅತ್ತಿಗೆ, ರದ್ದಿಗೆ ಹಾಕಿಬಿಟ್ಟೆನಲ್ರಿ" ಅನ್ನಬೇಕು. ಆ ಮಾತನ್ನು ಕನ್ನಡಿ ಮುಂದೆ ನಿಂತು ಹೇಳಿ ನೋಡಿಕೊಂಡಿದ್ದೂ ಉಂಟು.

ಆ ಮದುವೆಯಲ್ಲಿ ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲೇ ಕೂತಿದ್ದ. ಸಕ್ಕರೆ ಕಾಯಿಲೆ ಅವನಿಗೆ ಬಹಳ ವರ್ಷದಿಂದ ಇತ್ತು. ಕಣ್ಣಿಗೆ ಆಪರೇಷನ್ ಆಗೈತೆ ಅಂದರು. ಹುಷಾರಾ ಅಣ್ಣ ಅಂದೆ, ಹ್ಞೂಂ ಅಂದ. ನಾನು ಸೀದಾ ಅತ್ತಿಗೆ ಕಡೆ ನಡೆದೆ.

ಒಂದು ತಿಂಗಳು ಕಾದೆ. ಎರಡು ತಿಂಗಳು. ಫೋನ್ ಬರಲಿಲ್ಲ. ಮೂರನೇ ತಿಂಗಳಿಗೆ ನನಗೇ ತಡೆಯಲಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಎರಡನೇ ಭಾಗವನ್ನು ಬ್ಯಾಗಿಗೆ ಹಾಕಿಕೊಂಡು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಅವಳ ಕಣ್ಣಿಗೆ ಕಾಣುವಂಗೆ ಹೊರಗೆ ತೆಗೆಯೋದು, ಎರಡು ಪುಟ ತಿರುವೋದು, ಮತ್ತೆ ಬ್ಯಾಗಿಗೆ ಹಾಕಿಕೊಂಡು ವಾಪಸ್ ಬರೋದು. ಬೇರೆ ಯಾವ ಉದ್ದೇಶವೂ ಇರಲಿಲ್ಲ. ಕಾರ್ಯ ಇಲ್ಲದೆ ಆ ಮನೆಗೆ ನಾನು ಹೋಗಿದ್ದು ಅದೇ ಮೊದಲು.

ಮುಂಬಾಗಿಲು ತೆರೆದೇ ಇತ್ತು. ಮಗ ಸೊಸೆ ಎಲ್ಲೋ ಹೋಗಿದ್ದರು. ಚಪ್ಪಲಿ ಬಿಡುವಾಗ ಒಳಗಿಂದ ಅತ್ತಿಗೆಯ ದನಿ ಕೇಳಿಸಿತು. ಓದುತ್ತಿದ್ದಳು! ಗಟ್ಟಿಯಾಗಿ, ರಾಗ ಎಳೆದು ಓದುತ್ತಿದ್ದಳು. ಅಲ್ಲೇ ನಿಂತು ಕಿವಿ ಕೊಟ್ಟೆ.

"ಬಾಗಿಲು ತೆಗೆದು ನೋಡಿದರೆ ಏನಿದೆ, ಗಂಡನ ತಂಗಿ ನಿಂತಿದಾಳೆ. ಮೂಗಿನ ತುದಿಯಾಗೆ ಸಿಟ್ಟು, ಕಂಕುಳಾಗೆ ಪುಸ್ತಕದ ಗಂಟು. ಒಳಗೆ ಬಂದೋಳೇ ಎಲ್ಲರಿಗೂ ಒಂದೊಂದು ಪುಸ್ತಕ ಹಂಚಿದಳು. ಆಮೇಲೆ ತಾನೂ ಒಂದು ಹಿಡ್ಕಂಡು ಓದ್ತಾ ಓದ್ತಾ ಹಿತ್ತಲಿಗೆ ಹೋದಳು. ಬಾವಿ ಕಾಣಲಿಲ್ಲ. ದುಡುಂ!"

"ಮತ್ತೆ ಬಿದ್ಲಾ?" ಅಣ್ಣನ ದನಿ. "ಮೊನ್ನೆ ತಾನೇ ಎತ್ತಿದ್ದೆಯಲ್ಲೇ."

"ನೀವು ಎತ್ತು ಎತ್ತು ಅಂತ ಹಟ ಹಿಡಿದ್ರಿ, ಎತ್ತಿದೆ. ಇದು ಮೂರನೇ ಸಲ. ಇನ್ನು ನಾನು ಎತ್ತಾಕಿಲ್ಲ."

"ಪಾಪ ಕಣೇ, ಎತ್ತು" ಅಂದು ಅಣ್ಣ ನಗುತ್ತಿದ್ದ.

ಮೈಯೆಲ್ಲಾ ಉರಿದುಹೋಯಿತು. ನನ್ನ ಪುಸ್ತಕ ಹಿಡಿದುಕೊಂಡು, ನನ್ನನ್ನೇ, ನನ್ನ ಅಣ್ಣನ ಮುಂದೆ, ಮೂರು ಸಲ ಬಾವಿಗೆ! ದಡದಡ ಒಳಗೆ ನುಗ್ಗಿದೆ. ಅವಳು ಕನ್ನಡಕ ಏರಿಸಿಕೊಂಡು ಮೊದಲ ಭಾಗದ ಕೊನೆಯ ಪುಟ ತೆರೆದು ಕೂತಿದ್ದಳು. ಅಲ್ಲಿ ಅಚ್ಚಾಗಿದ್ದದ್ದು ನಾಲ್ಕೇ ಸಾಲು. ಅಣ್ಣ ಅವಳೆದುರು ಮಂಚದ ಮೇಲಿದ್ದ, ಕಪ್ಪು ಕನ್ನಡಕ ಇರಲಿಲ್ಲ. ನಾನು ಅವನಿಂದ ಮೂರು ಅಡಿ ದೂರದಲ್ಲಿ ನಿಂತಿದ್ದೆ. ಅವನ ಮುಖ ನನ್ನ ಕಡೆಗೇ ಇತ್ತು.

"ಯಾರೋ ಬಂದಂಗಾತಲ್ಲ," ಅಂದ. "ಯಾರದು?"

ಅತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದಿಷ್ಟೂ ಗಾಬರಿಯಾಗದೆ ಹೇಳಿದಳು: "ಬಂದ್ಲು ನೋಡ್ರಿ, ಬಾವಿಯಿಂದ."

ಅಣ್ಣ ಗಾಳಿಯಲ್ಲಿ ಕೈ ಚಾಚಿ ನನ್ನನ್ನು ಹುಡುಕಿದ. ನಾನು ಹೋಗಿ ಹಿಡಿದುಕೊಂಡೆ. ಹೊನ್ನಾಳಿಯ ಅರ್ಧ ಊರಿಗೆ ಕಣ್ಣಿನ ಡ್ರಾಪ್ಸ್ ಕೊಡೋಳು ನಾನು.

ಅತ್ತಿಗೆ ಟೀಗೆ ಇಡಾಕೆ ಎದ್ದಳು. ಹಿಂದೆಯೇ ಅಡಿಗೆಮನೆಗೆ ಹೋಗಿ ಅವಳ ಮೇಲೆ ಬಿದ್ದೆ. "ನನಗ್ಯಾಕೆ ಹೇಳಲಿಲ್ಲ ನೀವು? ನಾನೇನು ಸತ್ತಿದ್ನಾ?"

"ಮಗನ ಮದುವ್ಯಾಗೆ ಕರೇ ಕನ್ನಡಕ ಹಾಕ್ಕಂಡು ಕೂತಿದ್ರಲ್ಲ, ಬಂದು ಹತ್ರ ಕೂತು ಕೇಳಿದ್ಯಾ?" ಅಂದಳು, ಹಾಲು ಉಕ್ಕದಂಗೆ ನೋಡಿಕೊಳ್ಳುತ್ತಲೇ. "ಅವರ ಮುಖ ನೋಡಿದ್ರೆ ಗೊತ್ತಾಗಿರೋದು. ನೀನು ನನ್ನ ಮುಖಾನೇ ನೋಡ್ತಾ ನಿಂತಿದ್ದೆ. ಮೂವತ್ತು ವರ್ಷದಿಂದ ಅದನ್ನೇ ನೋಡಾಕೆ ಬರ್ತೀಯ."

ನಾನು ಹಳೆಯ ಸಿಟ್ಟನ್ನೇ ಎತ್ತಿದೆ. "ನೀವು ಮಾಡಿದ್ದು ಮರೀಲಾ? ಮದುವೆ ಮಂಟಪದಾಗೆ ಎಲ್ಲರ ಮುಂದೆ ರದ್ದಿ ಅಂದ್ರಿ. ಬಿಚ್ಚದೆ ವಾಪಸ್ ಕೊಟ್ರಿ."

ಅವಳು ನನ್ನ ಕಡೆ ತಿರುಗಿದಳು. "ತಂಗಿಯಿಂದ ಅಣ್ಣನಿಗೆ ಅಂತ ಬರೆದಿದ್ದೆ. ಮೈಕಿನಾಗೆ ಹಂಗೇ ಕೂಗಿದ್ರು. ಎಲ್ಲಾರೂ ವಧೂವರರಿಗೆ ಅಂತ ಬರೆದಿದ್ರು. ಪಕ್ಕದಾಗೆ ತಾಳಿ ಕಟ್ಟಿಸ್ಕಂಡು ಕೂತೋಳು ನಾನು ಯಾರು, ಬೀದಿಯೋಳಾ? ನನ್ನ ಹೆಸರಿಲ್ಲದ ಗಂಟು ನಾನ್ಯಾಕೆ ಬಿಚ್ಚಲಿ?"

ಅಯ್ಯೋ ಶಿವನೇ. ಅವಳಿಗೆಂದೇ ಆರಿಸಿದ್ದೆ, ಅವಳ ಹೆಸರನ್ನೇ ಬರೆದಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ ಅಂದರೆ ನೀವು ನಂಬುತ್ತೀರೋ ಇಲ್ಲವೋ. ಕೈ ಬರೆಯದಿದ್ದದ್ದು ಮರೆವಿನಿಂದಲೋ, ಮನಸ್ಸಿಲ್ಲದೆಯೋ ಅಂತ ನನಗೇ ಈಗ ಹೇಳಾಕೆ ಬರೋದಿಲ್ಲ.

"ಆಮೇಲೆ ಕೊಟ್ಟವನ್ನೆಲ್ಲ ಓದಿದೀವಿ," ಅಂದಳು ಟೀ ಸೋಸುತ್ತಾ. "ಅಂಗಡಿ ಮುಚ್ಚಿ ಬಂದು ಅವರು ಗಟ್ಟಿಯಾಗಿ ಓದೋರು, ನಾನು ರೊಟ್ಟಿ ಬಡಿಯೋಳು. ಈ ಸಲ ನಿಮ್ಮ ತಂಗಿ ನನಗೆ ಎಲ್ಲಿ ಬೈದಿದಾಳೆ ಹುಡುಕ್ರಿ ಅಂತ ಅದೇ ಒಂದು ಆಟ. ಆ ನಾಲಿಗೆ ರಾಣಿ ಬಂದಾಗ ಇಬ್ಬರೂ ಹೊಟ್ಟೆ ಹಿಡ್ಕಂಡು ನಕ್ಕೀವಿ. ಬಚ್ಚಲಿಗೆ ಬಂದ ಕೇರೆ ಹಾವು ನಿನ್ನ ಹಾವಿನ ಪುಸ್ತಕದಿಂದ ಬದುಕ್ತು. ಬಡಿಯಾಕೆ ಬಂದ ಜನಕ್ಕೆಲ್ಲ ಚಿತ್ರ ತೋರಿಸಿ, ಇದಕ್ಕೆ ವಿಷ ಇಲ್ರಪ್ಪಾ ಅಂದೆ. ಕಣ್ಣು ಹೋದ ಮೇಲೆ ನಾನು ಓದ್ತೀನಿ. ಏಳನೇ ಕ್ಲಾಸು ಕಲಿತೋಳು, ಒಂದೊಂದೇ ಅಕ್ಷರ ಕೂಡಿಸಿ. ನೀನು ನೋಡಿದ್ರೆ ಅರ್ಧ ಕತೆ ಕೊಟ್ಟು ಹೋದೆ. ಮುಂದೇನು ಮುಂದೇನು ಅಂತ ಅವರು ದಿನಾ ಕೇಳಿದ್ರೆ ನಾನೇನು ಮಾಡ್ಲಿ? ಬಾಯಿಗೆ ಬಂದದ್ದು ಓದಿದೆ."

ಮೂವತ್ತು ವರ್ಷ ಜತನದಿಂದ ಆರಿಸಿ ಆರಿಸಿ ಕಳಿಸಿದ ವಿಷವನ್ನು ಇವರಿಬ್ಬರೂ ಸಂಜೆ ಹೊತ್ತಿನ ಪಾಯಸ ಮಾಡಿಕೊಂಡು ಕುಡಿದಿದ್ದರು. ನನಗೆ ಅಳು ಬಂತು. ಸೋತ ಅವಮಾನಕ್ಕೋ, ಆ ಸಂಜೆಗಳಲ್ಲಿ ನಾನು ಇರಲಿಲ್ಲವಲ್ಲ ಅಂತಲೋ. ಅವಳು ಟೀ ಲೋಟ ನನ್ನ ಕೈಗಿಟ್ಟು, "ಅಳೋದಿದ್ರೆ ಇಲ್ಲೇ ಮುಗಿಸ್ಕಂಡು ಹೋಗು, ಅವರ ಮುಂದೆ ಬ್ಯಾಡ" ಅಂದಳು. ಆಗಲೂ ಅವಳ ಮೇಲೆ ಸಿಟ್ಟು ಇಳಿಯಲಿಲ್ಲ. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕಣ್ಣೊರೆಸಿಕೊಂಡು ಹೋಗಿ ಅಣ್ಣನ ಪಕ್ಕ ಮಂಚದ ಮೇಲೆ ಕೂತೆ. ಬ್ಯಾಗಿನಿಂದ ಎರಡನೇ ಭಾಗ ತೆಗೆದೆ. ಇವಳ ಹಾಳು ಕಟ್ಟುಕತೆ ಸಾಕು, ನಿಜವಾದ ಕತೆ ಏನು ಅಂತ ನನ್ನ ಬಾಯಿಂದ ಕೇಳಲಿ, ಕೊನೆಗೆ ಗೆಲ್ಲೋದು ನಾನೇ ಅಂತ ಮನಸ್ಸಿನ ಮೂಲೆಯಲ್ಲಿ ಇನ್ನೂ ಇತ್ತು. "ಅಣ್ಣ, ಮುಂದಿನ ಭಾಗ ತಂದೀನಿ, ಓದ್ತೀನಿ ಕೇಳು" ಅಂದೆ. ಅವನ ಮುಖ ಅರಳಿತು. ಗೋಡೆಗೆ ಒರಗಿ ಕೂತ.

ನಾನೂ ಮೊದಲ ಸಲ ಓದುತ್ತಿದ್ದೆ. ಕತೆಯಲ್ಲಿ ಬಾಗಿಲು ತೆರೆಯಿತು. ತಟ್ಟಿದವನು ಪೋಸ್ಟ್‌ಮ್ಯಾನ್. ಒಂದು ಕಾಗದ ಕೊಟ್ಟು ಸಹಿ ಮಾಡಿಸಿಕೊಂಡು ಹೋದ. ಆಮೇಲೆ ಆ ಕಾಗದದಲ್ಲಿ ಏನಿತ್ತು ಅಂತ ಮೂರು ಪುಟ. ಚೆನ್ನಾಗಿಯೇ ಬರೆದಿದ್ದರು. ನಾನೂ ಚೆನ್ನಾಗಿಯೇ ಓದಿದೆ, ಅತ್ತಿಗೆಯಂಗೆ ಎಲ್ಲೂ ತಡವರಿಸಲಿಲ್ಲ. ಒಂದು ಅಧ್ಯಾಯ ಮುಗಿಯುವವರೆಗೂ ಅಣ್ಣ ಹ್ಞೂಂಗುಟ್ಟುತ್ತಾ ಕೇಳಿದ. ಎರಡನೆಯದು ಶುರು ಮಾಡುವಷ್ಟರಲ್ಲಿ ಕೈ ಎತ್ತಿದ.

"ಸಾಕು ತಂಗಿ."

"ಯಾಕಣ್ಣ, ಚೆನ್ನಾಗಿಲ್ವಾ?"

"ಚೆನ್ನಾಗೈತೆ," ಅಂದ. "ಆದ್ರೆ ಇದ್ರಾಗೆ ಬಾಗಿಲು ತಟ್ಟಿದ್ದು ಪೋಸ್ಟ್‌ಮ್ಯಾನು. ಅವಳು ಓದಿದ್ರಾಗೆ ನೀನು ಬಂದಿದ್ದೆ."